ಪ್ಯಾಚ್ ಪಟ್ಟಿ ಖಾಲಿ ಬಂದಾಗ: ಎಡಬ್ಲ್ಯುಎಸ್ ಪ್ಯಾಚ್ ಮ್ಯಾನೇಜರ್ ಎಪಿಐ ದೋಷ ನಿವಾರಣೆ

ಸರ್ವರ್‌ಗೆ ಯಾವ ಪ್ಯಾಚ್ (ತಂತ್ರಾಂಶದ ದೋಷ ಸರಿಪಡಿಸುವ ಅಪ್‌ಡೇಟ್) ಬಾಕಿ ಇದೆ ಎಂದು ಎಪಿಐ (ಪ್ರೋಗ್ರಾಂಗಳು ಸೇವೆಯೊಂದನ್ನು ಕೇಳುವ ದಾರಿ) ಮೂಲಕ ಕೇಳುತ್ತೀರಿ. ಯಶಸ್ವಿ ಎಂದು ಹೇಳುವ 200 ಕೋಡ್ ಜೊತೆ ಖಾಲಿ ಪಟ್ಟಿ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ, ವರದಿಯಲ್ಲಿ ಆ ಸರ್ವರ್ ಹಸಿರು. ಅದೇ ಸರ್ವರ್‌ಗೆ ಲಾಗಿನ್ ಆಗಿ ಯಮ್ ಅಥವಾ ಆಪ್ಟ್ ಎಂಬ ಪ್ಯಾಕೇಜ್ ಮ್ಯಾನೇಜರ್ ಓಡಿಸಿದರೆ ಹತ್ತಾರು ಪ್ಯಾಕೇಜ್‌ಗಳು ಅಪ್‌ಡೇಟ್‌ಗೆ ಕಾಯುತ್ತಿರುತ್ತವೆ. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ಸಿಸ್ಟಮ್ಸ್ ಮ್ಯಾನೇಜರ್‌ನಲ್ಲಿರುವ ಪ್ಯಾಚ್ ಮ್ಯಾನೇಜರ್ ಬಳಸುವ ಕಡೆ ಅತಿ ಹೆಚ್ಚು ದಾರಿ ತಪ್ಪಿಸುವ ಲಕ್ಷಣ ಇದು. ಎರರ್ ಬಂದರೆ ಯಾರಾದರೂ ನೋಡುತ್ತಾರೆ, ಖಾಲಿ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಈ ಕೈಪಿಡಿಯ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ನೀವು ಎಪಿಐ ಕರೆದಾಗ ಅದು ಸರ್ವರ್ ಹತ್ತಿರ ಹೋಗಿ ಕೇಳುವುದಿಲ್ಲ. ಸರ್ವರ್‌ನೊಳಗಿನ ಎಸ್‌ಎಸ್‌ಎಂ (ಸಿಸ್ಟಮ್ಸ್ ಮ್ಯಾನೇಜರ್) ಏಜೆಂಟ್ ಆಗಾಗ 'ಎಡಬ್ಲ್ಯುಎಸ್-ರನ್‌ಪ್ಯಾಚ್‌ಬೇಸ್‌ಲೈನ್' ಎಂಬ ಡಾಕ್ಯುಮೆಂಟ್ (ಆದೇಶಗಳ ಕಡತ) ಅನ್ನು ಸ್ಕ್ಯಾನ್ ಅಥವಾ ಇನ್‌ಸ್ಟಾಲ್ ಕೆಲಸಕ್ಕೆ ಓಡಿಸುತ್ತದೆ. ಆಗ ಅದು ಬೇಸ್‌ಲೈನಿನ (ಯಾವ ಪ್ಯಾಚ್‌ಗಳಿಗೆ ಒಪ್ಪಿಗೆ ಎಂಬ ನಿಯಮಗಳ) ನಕಲನ್ನು ಇಳಿಸಿಕೊಂಡು, ಸರ್ವರ್‌ನಲ್ಲೇ ಇರುವ ಯಮ್, ಡಿಎನ್ಎಫ್, ಆಪ್ಟ್, ಜಿಪ್ಪರ್ ಅಥವಾ ವಿಂಡೋಸ್ ಅಪ್‌ಡೇಟ್ ಏಜೆಂಟ್ ಅನ್ನು ವಿಚಾರಿಸಿ, ಎರಡನ್ನೂ ಹೋಲಿಸಿ ಫಲಿತಾಂಶವನ್ನು ಸೇವೆಗೆ ಕಳುಹಿಸುತ್ತದೆ. ಎಪಿಐ ಓದಿ ಹೇಳುವುದು ಆ ಕೊನೆಯ ಸ್ಕ್ಯಾನ್ ಬರೆದಿಟ್ಟ ವರದಿಯನ್ನು. ಆ ವರದಿ ಮೂರು ತಿಂಗಳು ಹಳೆಯದಾಗಿರಬಹುದು, ಬೇರೆ ಬೇಸ್‌ಲೈನ್ ಮೇಲೆ ಆಗಿರಬಹುದು, ಅಥವಾ ಇಲ್ಲದೆಯೇ ಇರಬಹುದು.

ಮೂರು ಕರೆಗಳು, ಮೂರು ಬೇರೆ ಪ್ರಶ್ನೆಗಳು

ಗೊಂದಲದ ಅರ್ಧ ಭಾಗ ತಪ್ಪು ಕರೆಯನ್ನು ಬಳಸುವುದರಿಂದಲೇ ಹುಟ್ಟುತ್ತದೆ. ಹೆಸರುಗಳು ಒಂದೇ ಥರ ಕೇಳಿಸುತ್ತವೆ, ಕೋಡಿನಲ್ಲಿ ಇವನ್ನು ಜಾಗ ಬಿಡದೆ ಕೂಡಿಸಿ ಬರೆಯಬೇಕು.

'ಡಿಸ್ಕ್ರೈಬ್ ಅವೈಲಬಲ್ ಪ್ಯಾಚಸ್' ಎಂಬುದು ಕ್ಯಾಟಲಾಗ್. ಬೇಸ್‌ಲೈನಿಗೆ ಸೇರಿಸಲು ಅರ್ಹವಾದ ಪ್ಯಾಚ್‌ಗಳೆಲ್ಲ ಇದರಲ್ಲಿ ಬರುತ್ತವೆ, ನಿಮ್ಮ ಸರ್ವರ್‌ಗೂ ಇದಕ್ಕೂ ಸಂಬಂಧವಿಲ್ಲ. ಅಮೆಜಾನ್ ಲಿನಕ್ಸ್ 1, ಅಮೆಜಾನ್ ಲಿನಕ್ಸ್ 2 ಮತ್ತು ವಿಂಡೋಸ್ ಸರ್ವರ್‌ಗೆ ಮಾತ್ರ ಇದು ಕೆಲಸ ಮಾಡುತ್ತದೆ. ಉಬುಂಟು ಪ್ಯಾಚ್‌ಗಳನ್ನು ಇಲ್ಲಿ ಹುಡುಕಿ ಸಿಗಲಿಲ್ಲ ಎಂದರೆ ಅದು ದೋಷವಲ್ಲ.

'ಡಿಸ್ಕ್ರೈಬ್ ಇನ್‌ಸ್ಟನ್ಸ್ ಪ್ಯಾಚಸ್' ಒಂದು ಸರ್ವರ್‌ನ ಪ್ಯಾಚ್‌ಗಳನ್ನು ಒಂದೊಂದಾಗಿ ಕೊಡುತ್ತದೆ. ಇದನ್ನು ಮುಂದೆ ಪಟ್ಟಿ ಕರೆ ಎನ್ನೋಣ. 'ಡಿಸ್ಕ್ರೈಬ್ ಇನ್‌ಸ್ಟನ್ಸ್ ಪ್ಯಾಚ್ ಸ್ಟೇಟ್ಸ್' ಪ್ರತಿ ಸರ್ವರ್‌ಗೆ ಒಂದು ಸಾಲು ಕೊಡುತ್ತದೆ: ಎಷ್ಟು ಬಾಕಿ, ಎಷ್ಟು ವಿಫಲ, ಯಾವ ಬೇಸ್‌ಲೈನ್, ಸ್ಕ್ಯಾನ್ ಯಾವಾಗ ಮುಗಿಯಿತು. ಇದು ಸ್ಥಿತಿ ಕರೆ. ಒಂದು ಸಲಕ್ಕೆ 50 ಸರ್ವರ್ ಐಡಿಗಳನ್ನಷ್ಟೇ ಕೊಡಬಹುದು, 120 ಸರ್ವರ್ ಇದ್ದರೆ ಮೂರು ಸಲ ಕರೆಯಬೇಕು.

ಹೆಚ್ಚಿನ ಸ್ಕ್ರಿಪ್ಟ್‌ಗಳು ನೇರವಾಗಿ ಪಟ್ಟಿ ಕರೆಗೆ ಹೋಗುತ್ತವೆ. ತಪ್ಪು ಶುರುವಾಗುವುದು ಅಲ್ಲೇ. ಪಟ್ಟಿ ಕರೆಯ ಉತ್ತರದಲ್ಲಿ ಸ್ಕ್ಯಾನ್ ಸಮಯವೂ ಇಲ್ಲ, ಬೇಸ್‌ಲೈನ್ ಐಡಿಯೂ ಇಲ್ಲ. ಉತ್ತರವನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವ ಆಧಾರವೇ ಅದರೊಳಗಿಲ್ಲ. ಸ್ಥಿತಿ ಕರೆ ಮೊದಲು, ಪಟ್ಟಿ ಕರೆ ಆಮೇಲೆ. ಯಾವ ದೋಷವನ್ನು ಹುಡುಕುತ್ತಿದ್ದರೂ ಈ ಕ್ರಮವನ್ನು ಬದಲಿಸಬೇಡಿ.

ಸ್ಥಿತಿ ಕರೆಯಲ್ಲಿ ಸಾಲೇ ಬರದಿದ್ದರೆ

ಆ ಸರ್ವರ್‌ನ ಹೆಸರಿನಲ್ಲಿ, ಆ ಅಕೌಂಟಿನಲ್ಲಿ, ಆ ರೀಜನ್‌ನಲ್ಲಿ (ಎಡಬ್ಲ್ಯುಎಸ್ ಡೇಟಾ ಸೆಂಟರ್‌ಗಳಿರುವ ಪ್ರದೇಶ) ವರದಿಯೇ ಇಲ್ಲ ಎಂದು ಅರ್ಥ. ಮೊದಲು ರೀಜನ್ ನೋಡಿ. ಭಾರತದಲ್ಲಿ ಮುಂಬೈ ಮತ್ತು ಹೈದರಾಬಾದ್ ಎಂಬ ಎರಡು ರೀಜನ್‌ಗಳಿವೆ, ಕೋಡಿನಲ್ಲಿ ಕೊನೆಯ ಅಂಕಿ ಮಾತ್ರ ಬೇರೆ, 1 ಮತ್ತು 2. ಸರ್ವರ್ ಮುಂಬೈಯಲ್ಲಿದ್ದು ಸ್ಕ್ರಿಪ್ಟ್ ಹೈದರಾಬಾದನ್ನು ಕೇಳಿದರೆ ಎರರ್ ಬಾರದು, ಖಾಲಿ ಉತ್ತರ ಬಂದೀತು. ಹಲವು ಅಕೌಂಟ್‌ಗಳಿದ್ದರೆ ರೋಲ್ (ಅನುಮತಿಗಳಿರುವ ಗುರುತು) ಬದಲಿಸಿ ಪ್ರತಿ ಅಕೌಂಟನ್ನೂ ಬೇರೆಯಾಗಿ ಕೇಳಬೇಕು.

ರೀಜನ್ ಸರಿಯಿದ್ದರೆ 'ಡಿಸ್ಕ್ರೈಬ್ ಇನ್‌ಸ್ಟನ್ಸ್ ಇನ್‌ಫರ್ಮೇಶನ್' ಕರೆಯಿರಿ. ಅದರಲ್ಲಿ ಪಿಂಗ್ ಸ್ಟೇಟಸ್ ಎಂಬ ಅಂಶವಿದೆ. 'ಆನ್‌ಲೈನ್' ಎಂದಿದ್ದರೆ ಏಜೆಂಟ್ ಜೀವಂತವಾಗಿದೆ, ಸ್ಕ್ಯಾನ್ ಮಾತ್ರ ಆಗಿಲ್ಲ. 'ಕನೆಕ್ಷನ್ ಲಾಸ್ಟ್' ಎಂದಿದ್ದರೆ ಮೊದಲು ಸಂಪರ್ಕವಿತ್ತು, ಈಗ ಕಡಿದಿದೆ. ಸರ್ವರ್ ಈ ಪಟ್ಟಿಯಲ್ಲೇ ಇಲ್ಲದಿದ್ದರೆ ಅದು ನಿರ್ವಹಣೆಗೆ ಒಳಪಟ್ಟ ಸರ್ವರ್ ಅಲ್ಲ. ಅದಕ್ಕೆ ಕಾರಣಗಳು ಸಾಮಾನ್ಯವಾಗಿ ಇವು:

1. ಏಜೆಂಟ್ ಓಡುತ್ತಿಲ್ಲ, ಅಥವಾ ಇನ್‌ಸ್ಟಾಲ್ ಆಗಿಲ್ಲ.
2. ಸರ್ವರ್‌ಗೆ ಅಂಟಿಸಿದ ಐಎಎಂ (ಎಡಬ್ಲ್ಯುಎಸ್‌ನ ಅನುಮತಿ ವ್ಯವಸ್ಥೆ) ರೋಲ್‌ನಲ್ಲಿ 'ಅಮೆಜಾನ್ ಎಸ್‌ಎಸ್‌ಎಂ ಮ್ಯಾನೇಜ್ಡ್ ಇನ್‌ಸ್ಟನ್ಸ್ ಕೋರ್' ಪಾಲಿಸಿ ಇಲ್ಲ, ಅಥವಾ ರೋಲೇ ಅಂಟಿಸಿಲ್ಲ.
3. 443ನೇ ಪೋರ್ಟಿನಲ್ಲಿ ಹೊರಗೆ ಹೋಗುವ ದಾರಿ ಇಲ್ಲ.
4. ಸರ್ವರ್ ಗಡಿಯಾರ ತಪ್ಪಾಗಿದೆ. ಐದು ನಿಮಿಷಕ್ಕಿಂತ ಹೆಚ್ಚು ಆಚೀಚೆಯಾದರೆ ಸಹಿ ಮಾಡಿದ ವಿನಂತಿ ತಿರಸ್ಕೃತವಾಗುತ್ತದೆ. ನಿಲ್ಲಿಸಿಟ್ಟು ಬಹಳ ದಿನಗಳ ನಂತರ ಚಾಲೂ ಮಾಡಿದ ವರ್ಚುವಲ್ ಮೆಷೀನ್‌ಗಳಲ್ಲಿ ಇದನ್ನು ತಪ್ಪದೆ ನೋಡಿ.

ನಮ್ಮ ಸ್ವಂತ ಡೇಟಾ ಸೆಂಟರಿನಲ್ಲಿರುವ ಸರ್ವರ್‌ಗಳನ್ನು ಹೈಬ್ರಿಡ್ ಆಕ್ಟಿವೇಶನ್ ಮೂಲಕ ಸೇರಿಸಿದಾಗ ಅವಕ್ಕೆ 'ಎಂಐ' ಎಂದು ಶುರುವಾಗುವ ಐಡಿ ಸಿಗುತ್ತದೆ, ಇಸಿ2 (ಎಡಬ್ಲ್ಯುಎಸ್ ಬಾಡಿಗೆಗೆ ಕೊಡುವ) ಸರ್ವರ್‌ಗಳದು 'ಐ' ಎಂದು. ಇಸಿ2 ಪಟ್ಟಿಯನ್ನಷ್ಟೇ ತೆಗೆದು ಸುತ್ತುವ ಸ್ಕ್ರಿಪ್ಟ್ ಈ ಸರ್ವರ್‌ಗಳನ್ನು ಪೂರ್ತಿಯಾಗಿ ಬಿಟ್ಟುಬಿಡುತ್ತದೆ. ಸರ್ವರ್‌ಗಳ ಮೂಲ ಪಟ್ಟಿಯನ್ನು ಇನ್‌ಸ್ಟನ್ಸ್ ಇನ್‌ಫರ್ಮೇಶನ್ ಕರೆಯಿಂದ ತೆಗೆದು, ಇಸಿ2 ಪಟ್ಟಿಯೊಂದಿಗೆ ಹೋಲಿಸಿ. ಎರಡರ ನಡುವಿನ ವ್ಯತ್ಯಾಸವೇ ಯಾರ ಕಣ್ಣಿಗೂ ಬೀಳದ ಸರ್ವರ್‌ಗಳ ಪಟ್ಟಿ.

ಏಜೆಂಟ್ ಆನ್‌ಲೈನ್, ಆದರೂ ಸ್ಕ್ಯಾನ್ ಮುಗಿಯುವುದಿಲ್ಲ

ಇಂಟರ್ನೆಟ್ ಇಲ್ಲದ ಪ್ರೈವೇಟ್ ಸಬ್‌ನೆಟ್‌ಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಎಸ್‌ಎಸ್‌ಎಂ, ಎಸ್‌ಎಸ್‌ಎಂ ಮೆಸೇಜಸ್, ಇಸಿ2 ಮೆಸೇಜಸ್ ಎಂಬ ವಿಪಿಸಿ ಎಂಡ್‌ಪಾಯಿಂಟ್‌ಗಳನ್ನು (ಇಂಟರ್ನೆಟ್ ಇಲ್ಲದೆ ಎಡಬ್ಲ್ಯುಎಸ್ ಸೇವೆ ತಲುಪುವ ಖಾಸಗಿ ದಾರಿಗಳು) ಹಾಕಿ, ಏಜೆಂಟ್ ಹಸಿರಾದದ್ದನ್ನು ನೋಡಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಸ್ಕ್ಯಾನ್‌ಗೆ ಬೇಕಾದ ಬೇಸ್‌ಲೈನ್ ನಕಲು ಮತ್ತು ಪ್ಯಾಚ್ ಮ್ಯಾನೇಜರ್ ಕೋಡ್ ಎಸ್3 (ಎಡಬ್ಲ್ಯುಎಸ್‌ನ ಕಡತ ಸಂಗ್ರಹ ಸೇವೆ) ಬಕೆಟ್‌ಗಳಿಂದ ಇಳಿಯಬೇಕು. ಅಮೆಜಾನ್ ಲಿನಕ್ಸ್ 2ರ ಪ್ಯಾಕೇಜ್ ರೆಪಾಸಿಟರಿ (ಪ್ಯಾಕೇಜ್‌ಗಳು ಸಿಗುವ ಭಂಡಾರ) ಕೂಡ ಎಸ್3ಯಲ್ಲೇ ಇದೆ. ಎಸ್3 ಗೇಟ್‌ವೇ ಎಂಡ್‌ಪಾಯಿಂಟ್ ಇಲ್ಲದಿದ್ದರೆ ಕಮಾಂಡ್ ಸರ್ವರ್ ತಲುಪುತ್ತದೆ, ಅಲ್ಲಿಂದ ಮುಂದೆ ಟೈಮ್‌ಔಟ್. ಎಂಡ್‌ಪಾಯಿಂಟ್ ಇದ್ದರೂ ಅದರ ಪಾಲಿಸಿಯಲ್ಲಿ ಸ್ವಂತ ಬಕೆಟ್‌ಗಳಿಗೆ ಮಾತ್ರ ಅನುಮತಿ ಇದ್ದರೆ 403 (ಅನುಮತಿ ಇಲ್ಲ) ಎರರ್ ಬರುತ್ತದೆ. ಭದ್ರತೆಗೆಂದು ಪಾಲಿಸಿ ಬಿಗಿ ಮಾಡಿದ ಮರುದಿನ ಸ್ಕ್ಯಾನ್ ನಿಂತಿದ್ದರೆ ಬೇರೆಲ್ಲೂ ಹುಡುಕದೆ ಇಲ್ಲಿಗೇ ಬನ್ನಿ. ಉಬುಂಟು, ವಿಂಡೋಸ್ ಸರ್ವರ್‌ಗಳಿಗೆ ಎಸ್3 ದಾರಿಯೊಂದೇ ಸಾಲದು, ಅವುಗಳ ರೆಪಾಸಿಟರಿಗೋ ಆಂತರಿಕ ಮಿರರ್‌ಗೋ ದಾರಿ ಬೇಕು.

ಸ್ಕ್ಯಾನ್ ಅನ್ನು ಕೈಯಿಂದ ಓಡಿಸಿ ನೋಡುವುದು ಉತ್ತಮ. 'ಸೆಂಡ್ ಕಮಾಂಡ್' ಮೂಲಕ ರನ್‌ಪ್ಯಾಚ್‌ಬೇಸ್‌ಲೈನ್ ಡಾಕ್ಯುಮೆಂಟ್ ಕಳುಹಿಸಿ, ಆಪರೇಶನ್ ಎಂಬಲ್ಲಿ 'ಸ್ಕ್ಯಾನ್' ಎಂದೇ ಕೊಡಿ. 'ಇನ್‌ಸ್ಟಾಲ್' ಎಂದು ಕೊಟ್ಟರೆ ಪ್ಯಾಚ್ ಹಾಕಿ, ರೀಬೂಟ್ ಆಯ್ಕೆಯನ್ನು ನೀವು ಬದಲಿಸದಿದ್ದರೆ ಸರ್ವರನ್ನು ರೀಬೂಟ್ ಕೂಡ ಮಾಡೀತು. ನಡೆಯುತ್ತಿರುವ ಪ್ರೊಡಕ್ಷನ್ ಸರ್ವರ್ ಮೇಲೆ ಈ ಒಂದು ಪದ ತಪ್ಪಬಾರದು. ಫಲಿತಾಂಶವನ್ನು 'ಗೆಟ್ ಕಮಾಂಡ್ ಇನ್ವೊಕೇಶನ್'ನಿಂದ ಓದಿ. ಕಳುಹಿಸಿದ ಕೂಡಲೇ ಓದಲು ಹೋದರೆ 'ಇನ್ವೊಕೇಶನ್ ಡಸ್ ನಾಟ್ ಎಕ್ಸಿಸ್ಟ್' ಎಂಬ ಎರರ್ ಬರಬಹುದು, ಐದಾರು ಸೆಕೆಂಡ್ ಬಿಟ್ಟು ಮತ್ತೆ ಕೇಳಿ. ಈ ಕರೆ ಔಟ್‌ಪುಟ್‌ನ ಮೊದಲ 24,000 ಅಕ್ಷರಗಳನ್ನು ಮಾತ್ರ ಕೊಡುತ್ತದೆ. ಪ್ಯಾಚ್ ಸ್ಕ್ಯಾನ್ ಔಟ್‌ಪುಟ್ ಉದ್ದ, ನಿಜವಾದ ಎರರ್ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಹಾಗಾಗಿ ಔಟ್‌ಪುಟ್ ಅನ್ನು ಎಸ್3ಗೆ ಬರೆಸಿಕೊಳ್ಳಿ, ಇಲ್ಲವೇ ಸರ್ವರ್‌ನಲ್ಲಿ ಏಜೆಂಟ್ ಲಾಗ್ ತೆರೆಯಿರಿ. ಲಿನಕ್ಸ್‌ನಲ್ಲಿ ಅದು ವಾರ್ ಫೋಲ್ಡರಿನ ಲಾಗ್ ಒಳಗೆ, ಅಮೆಜಾನ್ ಎಂಬ ಫೋಲ್ಡರಿನ ಎಸ್‌ಎಸ್‌ಎಂನಲ್ಲಿ ಇರುತ್ತದೆ.

ಸಾಲು ಬಂದಿದೆ, ಬಾಕಿ ಸೊನ್ನೆ: ನಾಲ್ಕು ಅಂಶ ನೋಡಿ

ಆಪರೇಶನ್ ಮುಗಿದ ಸಮಯ, ಆಪರೇಶನ್ ಯಾವುದು, ಬೇಸ್‌ಲೈನ್ ಐಡಿ, ಪ್ಯಾಚ್ ಗ್ರೂಪ್ (ಯಾವ ಸರ್ವರ್‌ಗೆ ಯಾವ ಬೇಸ್‌ಲೈನ್ ಎಂದು ಹೇಳುವ ಟ್ಯಾಗ್). ಸಮಯ ಹಳೆಯದಾಗಿದ್ದರೆ ಮೇಲಿನ ಭಾಗಕ್ಕೆ ಹಿಂತಿರುಗಿ, ಸ್ಕ್ಯಾನ್ ಯಾಕೆ ನಿಂತಿದೆ ಎಂದು ಹುಡುಕಿ. ಸಮಯ ಹೊಸದಾಗಿದ್ದೂ ಲೆಕ್ಕ ಹೊಂದುತ್ತಿಲ್ಲ ಎಂದರೆ ಬೇಸ್‌ಲೈನ್ ಕಡೆ ತಿರುಗಬೇಕು.

'ಮಿಸಿಂಗ್' ಎಂಬ ಪದವನ್ನು ಪ್ಯಾಚ್ ಮ್ಯಾನೇಜರ್ ಬಹಳ ಇಕ್ಕಟ್ಟಾದ ಅರ್ಥದಲ್ಲಿ ಬಳಸುತ್ತದೆ. ಬೇಸ್‌ಲೈನ್ ಒಪ್ಪಿದ, ಆದರೆ ಸರ್ವರ್‌ನಲ್ಲಿ ಇಲ್ಲದ ಪ್ಯಾಚ್ ಮಾತ್ರ ಮಿಸಿಂಗ್. ಬಿಡುಗಡೆಯಾಗಿದ್ದೂ ಬೇಸ್‌ಲೈನ್ ಇನ್ನೂ ಒಪ್ಪದಿದ್ದರೆ ಅದು ಈ ಲೆಕ್ಕದಲ್ಲಿ ಇಲ್ಲ. ವಿಂಡೋಸ್‌ನ ಪೂರ್ವನಿಗದಿತ ಬೇಸ್‌ಲೈನ್ ಬಿಡುಗಡೆಯಾಗಿ 7 ದಿನ ಆದ ಮೇಲೆ ಒಪ್ಪುತ್ತದೆ, ಅದೂ ಕ್ರಿಟಿಕಲ್ ಮತ್ತು ಸೆಕ್ಯುರಿಟಿ ಅಪ್‌ಡೇಟ್‌ಗಳಲ್ಲಿ ತೀವ್ರತೆ ಕ್ರಿಟಿಕಲ್ ಅಥವಾ ಇಂಪಾರ್ಟೆಂಟ್ ಆಗಿರುವುದನ್ನು ಮಾತ್ರ.

ಲೆಕ್ಕ ಹಾಕಿ ನೋಡೋಣ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪೆಸಿಫಿಕ್ ಸಮಯ ಬೆಳಿಗ್ಗೆ 10ಕ್ಕೆ ಪ್ಯಾಚ್ ಬಿಡುತ್ತದೆ. ನಮಗೆ ಅದು ರಾತ್ರಿ 10:30, ಅಲ್ಲಿ ಚಳಿಗಾಲದ ಗಡಿಯಾರ ಬಂದಾಗ 11:30. 2025ರ ಅಕ್ಟೋಬರ್‌ನಲ್ಲಿ ಆ ದಿನ 14. ಬುಧವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಕುಳಿತು ಎಪಿಐ ಕೇಳಿದರೆ ಆ ಪ್ಯಾಚ್‌ಗಳು ಮಿಸಿಂಗ್ ಪಟ್ಟಿಯಲ್ಲಿ ಕಾಣುವುದಿಲ್ಲ, 7 ದಿನದ ಗಡುವು 21ರವರೆಗೆ ಇರುತ್ತದೆ. ಆ ನಂತರ ಮತ್ತೊಂದು ಸ್ಕ್ಯಾನ್ ಓಡಬೇಕು. ವಾರಕ್ಕೊಮ್ಮೆ, ಭಾನುವಾರ ಮಾತ್ರ ಸ್ಕ್ಯಾನ್ ಇಟ್ಟಿದ್ದರೆ 26ರವರೆಗೆ ಸೊನ್ನೆಯೇ. ಹನ್ನೆರಡು ದಿನ ವರದಿ ಹಸಿರಾಗಿರುತ್ತದೆ, ಯಾವ ಭಾಗವೂ ಕೆಟ್ಟಿರುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ವಿಂಡೋಸ್ ಬೇಸ್‌ಲೈನ್‌ಗಳಿಗೆ 'ಡಿಸ್ಕ್ರೈಬ್ ಇಫೆಕ್ಟಿವ್ ಪ್ಯಾಚಸ್ ಫಾರ್ ಪ್ಯಾಚ್ ಬೇಸ್‌ಲೈನ್' ಕರೆ ಇದೆ. ಪ್ರತಿ ಪ್ಯಾಚ್ ಒಪ್ಪಿಗೆಯಾಗಿದೆಯೋ, 'ಪೆಂಡಿಂಗ್ ಅಪ್ರೂವಲ್'ನಲ್ಲಿದೆಯೋ, ಯಾವ ದಿನ ಒಪ್ಪಿಗೆ ಎಂಬುದನ್ನು ಅದು ಹೇಳುತ್ತದೆ. ಒಪ್ಪಿಗೆ ಇಲ್ಲದಿದ್ದರೂ ಲಭ್ಯವಿರುವ ಭದ್ರತಾ ಪ್ಯಾಚ್‌ಗಳನ್ನು ತೋರಿಸಲು ವಿಂಡೋಸ್‌ಗೆ 'ಅವೈಲಬಲ್ ಸೆಕ್ಯುರಿಟಿ ಅಪ್‌ಡೇಟ್' ಎಂಬ ಪ್ರತ್ಯೇಕ ಸ್ಥಿತಿಯೂ ಇದೆ. ಭದ್ರತಾ ತಂಡಕ್ಕೆ ಹೋಗುವ ವರದಿಯಲ್ಲಿ ಅದನ್ನು ಮಿಸಿಂಗ್ ಪಕ್ಕದಲ್ಲೇ ಇಡುವುದು ನ್ಯಾಯ.

ಉಬುಂಟು ಮತ್ತು ಡೆಬಿಯನ್‌ಗೆ ಈ ದಿನಗಳ ಲೆಕ್ಕ ಅನ್ವಯಿಸುವುದಿಲ್ಲ. ಅವುಗಳ ರೆಪಾಸಿಟರಿಯಲ್ಲಿ ಬಿಡುಗಡೆ ದಿನಾಂಕ ನಂಬುವಂತೆ ಸಿಗುವುದಿಲ್ಲ, ಆದ್ದರಿಂದ ಗಡುವಿನ ಆಯ್ಕೆಯೇ ಇಲ್ಲ.

ನೆನ್ನೆ 14, ಇವತ್ತು 0, ನಾಳೆ ಮತ್ತೆ 14

ಹೀಗೆ ಸಂಖ್ಯೆ ಕುಣಿಯುತ್ತಿದ್ದರೆ ಎರಡು ಬೇರೆ ಸ್ಕ್ಯಾನ್‌ಗಳು ಒಂದೇ ವರದಿಯ ಮೇಲೆ ಬರೆಯುತ್ತಿವೆ. ನಮ್ಮ ಲೆಕ್ಕದಲ್ಲಿ ಹಿಡಿಯಲು ಅತಿ ಕಷ್ಟದ ದೋಷ ಇದು. ಪ್ಯಾಚ್ ವರದಿಗೆ ಚರಿತ್ರೆ ಇಲ್ಲ. ಹೊಸ ಸ್ಕ್ಯಾನ್ ಬಂದಾಗ ಹಳೆಯದು ಅಳಿಸಿಹೋಗುತ್ತದೆ. ಮೇಂಟೆನೆನ್ಸ್ ವಿಂಡೋ (ನಿರ್ವಹಣೆಗೆ ನಿಗದಿಯಾದ ಸಮಯದ ಕೆಲಸ) ನಿಮ್ಮ ಸ್ವಂತ ಬೇಸ್‌ಲೈನ್ ಬಳಸಿ ರಾತ್ರಿ 2ಕ್ಕೆ ಸ್ಕ್ಯಾನ್ ಮಾಡುತ್ತದೆ ಎನ್ನೋಣ. ಇನ್ನೊಂದು ಕಡೆ ಯಾರೋ ಸಿಸ್ಟಮ್ಸ್ ಮ್ಯಾನೇಜರ್‌ನ ಕ್ವಿಕ್ ಸೆಟಪ್‌ನಲ್ಲಿರುವ ಹೋಸ್ಟ್ ಮ್ಯಾನೇಜ್‌ಮೆಂಟ್ ಚಾಲೂ ಮಾಡಿ, ದಿನವೂ ಪ್ಯಾಚ್ ಸ್ಕ್ಯಾನ್ ಮಾಡುವ ಆಯ್ಕೆಗೆ ಟಿಕ್ ಹಾಕಿರುತ್ತಾರೆ. ಅಥವಾ ಪ್ಯಾಚ್ ಪಾಲಿಸಿಯೊಂದು ತನ್ನದೇ ಬೇಸ್‌ಲೈನ್ ಹೇರುತ್ತದೆ. ನಿಮ್ಮ ಸ್ಕ್ರಿಪ್ಟ್ ಯಾವ ಗಂಟೆಗೆ ಓಡುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಪತ್ತೆ ಮಾಡಲು ಸ್ಥಿತಿ ಕರೆಯನ್ನು ಒಂದು ದಿನ ಪೂರ್ತಿ ಗಂಟೆಗೊಮ್ಮೆ ಓಡಿಸಿ, ಬೇಸ್‌ಲೈನ್ ಐಡಿ, ಸ್ನ್ಯಾಪ್‌ಶಾಟ್ ಐಡಿ ಮತ್ತು ಮುಗಿದ ಸಮಯವನ್ನು ಬರೆದಿಡಿ. ಬೇಸ್‌ಲೈನ್ ಐಡಿ ಬದಲಾದ ಗಂಟೆಯೇ ಇನ್ನೊಂದು ಸ್ಕ್ಯಾನಿನ ಗಂಟೆ. ಆ ಹೊತ್ತಿನ ಕಮಾಂಡ್ ಚರಿತ್ರೆ ಮತ್ತು ಸ್ಟೇಟ್ ಮ್ಯಾನೇಜರ್ ಅಸೋಸಿಯೇಶನ್‌ಗಳನ್ನು (ತಾನಾಗಿ ಓಡುವಂತೆ ನಿಗದಿಪಡಿಸಿದ ಕೆಲಸಗಳು) ನೋಡಿದರೆ ಮೂಲ ಸಿಗುತ್ತದೆ. ಪರಿಹಾರ ಒಂದೇ: ಒಂದು ಸರ್ವರ್‌ಗೆ ಒಂದೇ ಮೂಲದಿಂದ ಸ್ಕ್ಯಾನ್. ಎರಡನ್ನೂ ಉಳಿಸಿಕೊಂಡು ಸಮಯ ಹೊಂದಿಸುವ ಪ್ರಯತ್ನ ಹೆಚ್ಚು ದಿನ ನಿಲ್ಲದು.

ಪ್ಯಾಚ್ ಗ್ರೂಪ್ ಟ್ಯಾಗ್ ತಪ್ಪಾಗಿದ್ದರೂ ಬೇಸ್‌ಲೈನ್ ಬದಲಾಗುತ್ತದೆ, ಆದರೆ ಆಗ ಸಂಖ್ಯೆ ಕುಣಿಯುವುದಿಲ್ಲ, ಒಂದೇ ತಪ್ಪು ಉತ್ತರ ಸ್ಥಿರವಾಗಿ ಬರುತ್ತದೆ. ಟ್ಯಾಗ್‌ನ ಕೀ 'ಪ್ಯಾಚ್ ಗ್ರೂಪ್', ಎರಡು ಪದಗಳ ನಡುವೆ ಜಾಗವಿದೆ. ಇಸಿ2 ಮೆಟಾಡೇಟಾದಲ್ಲಿ ಟ್ಯಾಗ್‌ಗಳನ್ನು ತೋರಿಸುವ ಆಯ್ಕೆ ಚಾಲೂ ಇದ್ದರೆ ಜಾಗವಿಲ್ಲದ ರೂಪವನ್ನೇ ಬಳಸಬೇಕು. ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಹೊಂದದಿದ್ದರೆ ಎರರ್ ಕೊಡದೆ ಡಿಫಾಲ್ಟ್ ಬೇಸ್‌ಲೈನ್‌ಗೆ ಜಾರುತ್ತದೆ.

ಬೇಸ್‌ಲೈನ್ ಸರಿ, ರೆಪಾಸಿಟರಿ ತಪ್ಪು

ಸರ್ವರ್‌ನ ಪ್ಯಾಕೇಜ್ ಮ್ಯಾನೇಜರ್‌ಗೆ ಗೊತ್ತಿಲ್ಲದ್ದು ಎಪಿಐಗೂ ಗೊತ್ತಾಗದು. ಸೆಂಟ್ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದು, ಮಿರರ್ ಪಟ್ಟಿ ಕೊಡುತ್ತಿದ್ದ ವಿಳಾಸ ನಿಂತಿತು. ಹಳೆಯ ರೆಪೊ ಫೈಲ್ ಇಟ್ಟುಕೊಂಡ ಸರ್ವರ್‌ನಲ್ಲಿ ಸ್ಕ್ಯಾನ್ ವಿಫಲವಾಗುತ್ತದೆ. ರೆಪೊವನ್ನು ವಾಲ್ಟ್ (ಹಳೆಯ ಪ್ಯಾಕೇಜ್‌ಗಳ ಸಂಗ್ರಹ) ವಿಳಾಸಕ್ಕೆ ತಿರುಗಿಸಿದರೆ ಸ್ಕ್ಯಾನ್ ಗೆಲ್ಲುತ್ತದೆ, ಬಾಕಿ ಸೊನ್ನೆ ಬರುತ್ತದೆ. ಆ ಸೊನ್ನೆಗೆ ಹೊಸ ಪ್ಯಾಚ್ ಬರುವುದೇ ನಿಂತಿದೆ ಎಂದಷ್ಟೇ ಅರ್ಥ. ಅಂಥ ಸರ್ವರ್ ಅನ್ನು ವರದಿಯಲ್ಲಿ ಕೆಂಪಾಗಿಯೇ ಇಡಿ.

ಸೆಂಟ್ಒಎಸ್‌ಗೆ ಇನ್ನೊಂದು ಗುಣವಿದೆ. ಯಾವ ಪ್ಯಾಕೇಜ್ ಭದ್ರತೆಗೆ ಸಂಬಂಧಿಸಿದ್ದು ಎಂದು ಹೇಳುವ ಅಪ್‌ಡೇಟ್‌ಇನ್‌ಫೋ ಮಾಹಿತಿ ಅದರ ಸಾಮಾನ್ಯ ರೆಪಾಸಿಟರಿಗಳಲ್ಲಿ ಇಲ್ಲ. ಹಾಗಾಗಿ ಎಲ್ಲವೂ ಭದ್ರತೆಗೆ ಸೇರದ ಪ್ಯಾಚ್ ಎಂದೇ ಎಣಿಕೆ. ಬೇಸ್‌ಲೈನ್‌ನಲ್ಲಿ ಭದ್ರತೆಯೇತರ ಅಪ್‌ಡೇಟ್‌ಗಳನ್ನು ಸೇರಿಸುವ ಆಯ್ಕೆ ಹಾಕದಿದ್ದರೆ ಬಾಕಿ ಸದಾ ಸೊನ್ನೆ. ರೆಡ್ ಹ್ಯಾಟ್‌ನಲ್ಲಿ ಮಾಹಿತಿ ಇದೆ, ಆದರೆ ಸಬ್‌ಸ್ಕ್ರಿಪ್ಶನ್ ಅಥವಾ ಪ್ರಮಾಣಪತ್ರದ ಅವಧಿ ಮುಗಿದರೆ ರೆಪೊ ತೆರೆಯುವುದಿಲ್ಲ. ಸರ್ವರ್‌ನಲ್ಲಿ ರೆಪೊ ಪಟ್ಟಿ ತೆಗೆದು ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಉಬುಂಟುವಿನಲ್ಲಿ ಅದೇ ಹೊತ್ತಿಗೆ ತಾನಾಗಿ ಓಡುವ ಅಪ್‌ಗ್ರೇಡ್ ಸೇವೆ ಡಿಪಿಕೆಜಿ (ಆಪ್ಟ್ ಬಳಸುವ ಪ್ಯಾಕೇಜ್ ಸಾಧನ) ಲಾಕ್ ಹಿಡಿದಿದ್ದರೆ ಆಪ್ಟ್ ಕೆಲಸ ನಿಲ್ಲುತ್ತದೆ. ಸ್ಕ್ಯಾನ್ ಸಮಯವನ್ನು ಬೇರೆ ಗಂಟೆಗೆ ತಳ್ಳಿ.

ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಯುಎಸ್ (ಸಂಸ್ಥೆಯೊಳಗೆ ವಿಂಡೋಸ್ ಅಪ್‌ಡೇಟ್ ಹಂಚುವ) ಸರ್ವರ್‌ಗೆ ಕಟ್ಟಿದ ಯಂತ್ರವಾದರೆ ಅಲ್ಲಿ ಒಪ್ಪಿಗೆಯಾಗದ ಪ್ಯಾಚ್ ನಿಮಗೂ ಕಾಣುವುದಿಲ್ಲ. ಅಂದರೆ ಒಪ್ಪಿಗೆ ಎರಡು ಕಡೆ ಬೇಕು. 80072ಇಇ2 ಎಂಬ ಕೋಡ್ ಕಂಡರೆ ಅಪ್‌ಡೇಟ್ ಸರ್ವರ್ ಸಮಯಕ್ಕೆ ಉತ್ತರಿಸಲಿಲ್ಲ. 8024402ಸಿ ಕಂಡರೆ ಪ್ರಾಕ್ಸಿ ಅಥವಾ ಅಪ್‌ಡೇಟ್ ಸರ್ವರ್‌ನ ಹೆಸರೇ ಬಿಡಿಸಲಾಗಲಿಲ್ಲ, ಡಿಎನ್ಎಸ್ ಮತ್ತು ಪ್ರಾಕ್ಸಿ ಸೆಟ್ಟಿಂಗ್ ನೋಡಿ.

ಕೋಡಿನೊಳಗಿನ ತಪ್ಪುಗಳು

ನೆಕ್ಸ್ಟ್ ಟೋಕನ್ (ಮುಂದಿನ ಪುಟ ಕೇಳಲು ಬೇಕಾದ ಗುರುತು) ಬಿಟ್ಟುಬಿಡುವುದು ಮೊದಲನೆಯದು. ಪಟ್ಟಿ ಕರೆ ಒಂದು ಪುಟಕ್ಕೆ 10ರಿಂದ 100 ಸಾಲು ಕೊಡುತ್ತದೆ, 5 ಕೇಳಿದರೆ ವ್ಯಾಲಿಡೇಶನ್ ಎರರ್. ಇನ್‌ಸ್ಟಾಲ್ ಆದವೂ ಸೇರಿ ಒಂದು ಲಿನಕ್ಸ್ ಸರ್ವರ್‌ನಲ್ಲಿ ನೂರಾರು ಸಾಲುಗಳಿರುತ್ತವೆ. ಫಿಲ್ಟರ್ ಇಲ್ಲದೆ ಮೊದಲ ಪುಟವನ್ನಷ್ಟೇ ಓದಿದರೆ ಮಿಸಿಂಗ್ ಇರುವ ಸಾಲು ಮುಂದಿನ ಪುಟದಲ್ಲಿ ಉಳಿದುಹೋಗಬಹುದು. ಪುಟ ಮುಗಿಯಿತು ಎಂದು ತಿಳಿಯಲು ಸಾಲುಗಳ ಸಂಖ್ಯೆ ನೋಡಬೇಡಿ, ಟೋಕನ್ ಬರುವುದು ನಿಲ್ಲುವವರೆಗೆ ಕೇಳಿ.

ಕ್ಯಾಟಲಾಗ್ ಕರೆಯ ಫಿಲ್ಟರ್ ಬೆಲೆಗಳು ಅಕ್ಷರಕ್ಕೆ ಅಕ್ಷರ ಹೊಂದಬೇಕು. ವಿಂಡೋಸ್‌ನಲ್ಲಿ 'ಸೆಕ್ಯುರಿಟಿಅಪ್‌ಡೇಟ್ಸ್' ಒಂದೇ ಪದ, ಅಮೆಜಾನ್ ಲಿನಕ್ಸ್‌ನಲ್ಲಿ ಬರೀ 'ಸೆಕ್ಯುರಿಟಿ'. ತೀವ್ರತೆಯ ನಡುವಿನ ಹಂತಕ್ಕೆ ವಿಂಡೋಸ್‌ನಲ್ಲಿ 'ಮಾಡರೇಟ್', ಅಮೆಜಾನ್ ಲಿನಕ್ಸ್‌ನಲ್ಲಿ 'ಮೀಡಿಯಂ'. ಊಹಿಸದೆ 'ಡಿಸ್ಕ್ರೈಬ್ ಪ್ಯಾಚ್ ಪ್ರಾಪರ್ಟೀಸ್' ಕರೆದು ಸರಿಯಾದ ಬೆಲೆಗಳನ್ನು ತೆಗೆದುಕೊಳ್ಳಿ.

ಮಿಸಿಂಗ್ ಒಂದನ್ನೇ ಎಣಿಸುವುದೂ ತಪ್ಪು. ಇನ್‌ಸ್ಟಾಲ್ ವಿಫಲವಾದದ್ದು 'ಫೇಲ್ಡ್' ಎಂದು ಬೇರೆ ಎಣಿಕೆ. 'ಇನ್‌ಸ್ಟಾಲ್ಡ್ ಪೆಂಡಿಂಗ್ ರೀಬೂಟ್' ಎಂಬುದು ಇನ್ನೂ ಮುಖ್ಯ: ಹೊಸ ಕರ್ನಲ್ ಡಿಸ್ಕ್‌ನಲ್ಲಿದೆ, ಓಡುತ್ತಿರುವುದು ಹಳೆಯದೇ. ರೀಬೂಟ್ ಬೇಡ ಎಂಬ ಆಯ್ಕೆಯಲ್ಲಿ ಪ್ಯಾಚ್ ಹಾಕುವ ಕಡೆ ಈ ಮೂರನ್ನೂ ಕೂಡಿಸಿದರೇನೇ ಬಾಕಿಯ ನಿಜವಾದ ಲೆಕ್ಕ.

ಇನ್‌ಸ್ಟಾಲ್ ಸಮಯ 1970ರ ಜನವರಿ 1 ಎಂದು, ಭಾರತೀಯ ಸಮಯದಲ್ಲಿ ಬೆಳಿಗ್ಗೆ 5:30 ಎಂದು ಕಂಡರೆ ಅದು ಸೊನ್ನೆ. ಸಮಯ ದಾಖಲಾಗಿಲ್ಲ ಎಂದು ತೆಗೆದುಕೊಳ್ಳಿ. ಸಿವಿಇ ಸಂಖ್ಯೆಗಳು (ಬಹಿರಂಗವಾದ ಭದ್ರತಾ ದೋಷಗಳ ಗುರುತು ಸಂಖ್ಯೆ) ಮಿಸಿಂಗ್ ಮತ್ತು ಫೇಲ್ಡ್ ಸ್ಥಿತಿಯಲ್ಲಿ ಮಾತ್ರ ಬರುತ್ತವೆ. ಒಂದು ಸಿವಿಇ ಮುಚ್ಚಿದೆಯೇ ಎಂದು ಇನ್‌ಸ್ಟಾಲ್ ಆದ ಸಾಲುಗಳಲ್ಲಿ ಹುಡುಕಿದರೆ ಸಿಗದು. ಥ್ರಾಟ್ಲಿಂಗ್ ಎರರ್ (ತೀರಾ ಹೆಚ್ಚು ಕರೆಗಳು ಎಂಬ ತಡೆ) ಬಂದರೆ ಕಾಯುವ ಸಮಯವನ್ನು ಪ್ರತಿ ಸಲ ದುಪ್ಪಟ್ಟು ಮಾಡುತ್ತಾ ಮತ್ತೆ ಕೇಳಿ. ಎರರ್ ನುಂಗಿ ಖಾಲಿ ಪಟ್ಟಿ ಹಿಂತಿರುಗಿಸುವ ಕೋಡ್ ನಿಮ್ಮದರಲ್ಲಿದ್ದರೆ ಅದನ್ನು ಇವತ್ತೇ ಕಿತ್ತುಹಾಕಿ.

ರಿಪೇರಿ ಆದ ಮೇಲೆ ಪರೀಕ್ಷೆ

ಒಂದು ಸರ್ವರ್ ಆರಿಸಿ ಸ್ಕ್ಯಾನ್ ಓಡಿಸಿ. ಕಮಾಂಡ್ 'ಸಕ್ಸೆಸ್' ಆದ ಮೇಲೆ ಕೆಲವು ನಿಮಿಷ ಬಿಟ್ಟು ಸ್ಥಿತಿ ಕರೆ ಮಾಡಿ. ಮುಗಿದ ಸಮಯ ಮುಂದೆ ಸರಿದಿರಬೇಕು, ಬೇಸ್‌ಲೈನ್ ಐಡಿ ನೀವು ಬಯಸಿದ್ದೇ ಆಗಿರಬೇಕು. ನಂತರ ಮಿಸಿಂಗ್ ಫಿಲ್ಟರ್ ಹಾಕಿ ಪಟ್ಟಿ ಕರೆಯ ಎಲ್ಲ ಪುಟ ಎಣಿಸಿ, ಸ್ಥಿತಿ ಕರೆಯ ಮಿಸಿಂಗ್ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ನಡುವೆ ಮತ್ತೊಂದು ಸ್ಕ್ಯಾನ್ ನುಗ್ಗಿರಬಹುದು, ಅಥವಾ ಪುಟ ತಪ್ಪಿರಬಹುದು. ಕೊನೆಗೆ ಸರ್ವರ್‌ನೊಳಗೇ ಪ್ಯಾಕೇಜ್ ಮ್ಯಾನೇಜರ್ ಪಟ್ಟಿ ತೆಗೆದು, ಎಪಿಐ ಪಟ್ಟಿಯಲ್ಲಿ ಇಲ್ಲದ ಪ್ರತಿ ಪ್ಯಾಕೇಜ್‌ಗೂ ಕಾರಣ ಬರೆಯಿರಿ: ಗಡುವು ಮುಗಿದಿಲ್ಲ, ತೀವ್ರತೆ ಕಡಿಮೆ, ಭದ್ರತೆಯೇತರ, ತಿರಸ್ಕೃತ. ಕಾರಣ ಸಿಗದ ಒಂದೇ ಒಂದು ಪ್ಯಾಕೇಜ್ ಉಳಿದರೂ ಬೇಸ್‌ಲೈನ್ ಭಾಗದಿಂದ ಮತ್ತೆ ಶುರುಮಾಡಿ. ನಿಮ್ಮ ವರದಿಯಲ್ಲಿ 'ಸರಿ' ಮತ್ತು 'ಬಾಕಿ' ಜೊತೆಗೆ 'ಗೊತ್ತಿಲ್ಲ' ಎಂಬ ಮೂರನೇ ಕಾಲಂ ಸೇರಿಸಿ. ದಿನವೂ ಸ್ಕ್ಯಾನ್ ಆಗಬೇಕಾದ ಸರ್ವರ್‌ನ ಕೊನೆಯ ಸ್ಕ್ಯಾನ್ 48 ಗಂಟೆಗಿಂತ ಹಳೆಯದಾಗಿದ್ದರೆ, ಸಾಲೇ ಇಲ್ಲದಿದ್ದರೆ, ಅಥವಾ ಬೇಸ್‌ಲೈನ್ ಐಡಿ ಬೇರೆಯಾಗಿದ್ದರೆ, ಬಾಕಿ ಸೊನ್ನೆ ಇದ್ದರೂ ಆ ಸರ್ವರ್ ಆ ಕಾಲಂಗೆ ಹೋಗಲಿ.